ಕಂಬಳಿ ಹೊದ್ದ ಇಂಜಿನ್ನು

ನಾನು ಕೂಡ್ಲಿಗಿ ಕಡೆಯ ಹೆಣ್ಣು. ನಮ್ಮ ಕಡೆ ನೀರೆಂದರೆ ಬೋರಿನ ನೀರು, ಟ್ಯಾಂಕಿನ ನೀರು, ಕೊಡದಲ್ಲಿ ಹಿಡಿಯುವಷ್ಟು ನೀರು. ಹರಪನಹಳ್ಳಿ ತಾಲ್ಲೂಕಿನ ಈ ಹೊಳೆದಂಡೆಯ ಊರಿಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ, ದೋಣಿ ಹತ್ತುವಾಗ ಒಂದು ಕೈಯಲ್ಲಿ ಸೀರೆ, ಇನ್ನೊಂದು ಕೈಯಲ್ಲಿ ಜೀವ ಹಿಡಿದುಕೊಂಡೇ ಹತ್ತುತ್ತೇನೆ. ಇಂಥವಳಿಗೆ ನೌಕರಿ ಸಿಕ್ಕಿದ್ದು ತುಂಗಭದ್ರೆಯ ಆಚೆ ದಂಡೆಯಲ್ಲಿ.

ಅಲ್ಲಿಯ ಹೈಸ್ಕೂಲಿನಲ್ಲಿ ಅಟೆಂಡರ್ ಕೆಲಸ. ಕೋಣೆಗಳ ಬೀಗ ತೆಗೆಯುವುದು, ಗಂಟೆ ಬಾರಿಸುವುದು, ಕಾಗದಪತ್ರಗಳನ್ನು ಒಂದು ಟೇಬಲಿನಿಂದ ಇನ್ನೊಂದು ಟೇಬಲಿಗೆ ಮುಟ್ಟಿಸುವುದು. ನಿಮಗಿದು ಸಣ್ಣದೆನಿಸಬಹುದು. ಮದುವೆಯಾದ ಮೇಲೆ, ಸಗಣಿ ಬಳಿಯುವ ಕೈಯಲ್ಲೇ ಪುಸ್ತಕ ಹಿಡಿದು ಪಿಯುಸಿ ಪಾಸು ಮಾಡಿದವಳಿಗೆ ಸಣ್ಣದಾಗಿರಲಿಲ್ಲ. ಗುರುವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ಮೂಲ ದಾಖಲೆಗಳೊಂದಿಗೆ ಹಾಜರಾಗಬೇಕು, ಇಲ್ಲದಿದ್ದರೆ ಪಟ್ಟಿಯಲ್ಲಿರುವ ಮುಂದಿನವರನ್ನು ಕರೆಯಲಾಗುವುದು ಎಂದು ಕಾಗದದಲ್ಲಿ ಸ್ಪಷ್ಟವಾಗಿ ಬರೆದಿದ್ದರು. ಡಾಕ್ಟರ ಸರ್ಟಿಫಿಕೇಟ್ ಒಂದು ಬೇಕಿತ್ತು. ಅದಕ್ಕೆ ತಾಲ್ಲೂಕಿಗೆ ಹೋದಾಗ ಒಂದು ಸಲ ಫೋಟೋ ಮರೆತೆ, ಇನ್ನೊಂದು ಸಲ ಆಧಾರ್ ಕಾರ್ಡ್ ಮರೆತೆ. ಹೀಗೆ ನನ್ನದೇ ಘನಂದಾರಿ ಕೆಲಸದಿಂದಾಗಿ ಸರ್ಟಿಫಿಕೇಟ್ ಕೈಗೆ ಬಂದದ್ದು ಬುಧವಾರ ಮಧ್ಯಾಹ್ನ. ಬಸ್ಸಿನಲ್ಲಿ ಸೇತುವೆ ಸುತ್ತಿಕೊಂಡು ಹೋದರೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ದೋಣಿಯಲ್ಲಾದರೆ ಇಪ್ಪತ್ತೇ ನಿಮಿಷ. ದೋಣಿ ನಮ್ಮದೇ, ನಡೆಸುವವರು ನಮ್ಮ ಯಜಮಾನರೇ. ಹಾಗಾಗಿ ನಾನು ನಿಶ್ಚಿಂತೆಯಾಗಿದ್ದೆ.

ಆ ದೋಣಿಯ ಇಂಜಿನ್ನಿನ ಬಗ್ಗೆ ಸ್ವಲ್ಪ ಹೇಳಬೇಕು. ಅದು ಮೊದಲಿನಿಂದ ದೋಣಿಯ ಇಂಜಿನ್ ಅಲ್ಲ. ನಮ್ಮ ಮಾವನವರ ಕಾಲದಲ್ಲಿ ಹೊಲಕ್ಕೆ ನೀರೆತ್ತುತ್ತಿದ್ದ ಡೀಸೆಲ್ ಪಂಪ್‌ಸೆಟ್. ಕರೆಂಟಿನ ಮೋಟಾರು ಬಂದ ಮೇಲೆ ದನದ ಮನೆಯ ಮೂಲೆ ಸೇರಿ, ಕೋಳಿಗಳು ಮಲಗುವ ಜಾಗವಾಗಿತ್ತು. ಯಜಮಾನರು ಅದನ್ನು ಎಬ್ಬಿಸಿ, ತೊಳೆದು, ದೋಣಿಗೆ ಕೂಡಿಸಿದರು. ಹೊಲದಲ್ಲಿದ್ದಾಗ ಅದು ತಾನೆತ್ತಿದ ನೀರಿನಿಂದಲೇ ತನ್ನ ಮೈ ತಂಪು ಮಾಡಿಕೊಳ್ಳುತ್ತಿತ್ತು. ಹ್ಯಾಂಡಲ್ ಹೊಡೆದರೆ ಮುಗಿಯಿತು, ನೀರಿನ ಯೋಚನೆ ಯಾರಿಗೂ ಇರಲಿಲ್ಲ. ದೋಣಿಗೆ ಬಂದ ಮೇಲೆ ಅದರ ಪಂಪು ಬಿಚ್ಚಿದ್ದರಿಂದ, ಪಕ್ಕದಲ್ಲೊಂದು ಡ್ರಮ್ಮು ಇಟ್ಟು ಎರಡು ಪೈಪು ಜೋಡಿಸಿದರು. ಡ್ರಮ್ಮಿನ ನೀರು ಇಂಜಿನ್ನಿನೊಳಗೆ ಸುತ್ತಿ, ಬಿಸಿಯಾಗಿ, ತಿರುಗಿ ಡ್ರಮ್ಮಿಗೇ ಬರುತ್ತದೆ. ಆಗೊಮ್ಮೆ ಈಗೊಮ್ಮೆ ಒಂದೆರಡು ಕೊಡ ಸುರಿದರೆ ಸಾಕು.

ಆ ವರ್ಷದ ಚಳಿ ಮಾತ್ರ ನಮ್ಮ ಸೀಮೆಯದಲ್ಲ. ನಾವು ಬಿಸಿಲಿನ ಜನ. ಚಳಿಗಾಲವೆಂದರೆ ಬೆಳಗಿನ ಜಾವ ಒಂದು ದುಪ್ಪಟಿ ಹೆಚ್ಚಿಗೆ ಎಳೆದುಕೊಳ್ಳುವುದು, ಅಷ್ಟೇ. ಆ ಸಲ ಸಂಕ್ರಾಂತಿಗೆ ಮುಂಚಿನ ಒಂದು ವಾರ ಊರಿನ ಗಂಡಸರೆಲ್ಲ ಮಂಕಿ ಟೋಪಿಯೊಳಗೆ ಮಾಯವಾದರು, ಮೂಗು ನೋಡಿ ಯಾರೆಂದು ಗುರುತು ಹಿಡಿಯಬೇಕಾಯಿತು. ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಬೆಳ್ಳಗೆ ಗಟ್ಟಿಯಾಗಿ ಕೂತಿತು. ಯಜಮಾನರು ಆ ಬಾಟಲಿಯನ್ನು ತಲೆಕೆಳಗು ಮಾಡಿ ನೋಡಿದರು, ಒಂದು ಹನಿಯೂ ಇಳಿಯಲಿಲ್ಲ. ಅವರ ತಲೆಗೆ ಹುಳ ಹೊಕ್ಕಿದ್ದು ಅಲ್ಲಿಂದ.

ಬುಧವಾರ ಸಂಜೆ ಅವರು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರು. ಯಾವುದೋ ಮಂಜು ಬೀಳುವ ದೇಶದವನು ಒಡೆದುಹೋದ ದೋಣಿಯ ಇಂಜಿನ್ ಮುಂದೆ ನಿಂತು ಏನೋ ಹೇಳುತ್ತಿದ್ದ.

“ಒಳಗಿನ ನೀರು ಗಡ್ಡಿ ಆದ್ರ ಉಬ್ಬತೈತಿ. ಉಬ್ಬಿದ್ರ ಕಬ್ಬಿಣ ಸೀಳ್ತೈತಿ, ನೋಡಿಲ್ಲಿ” ಎಂದರು.

“ನಮ್ಮೂರಾಗ ನೀರು ಗಡ್ಡಿ ಆಗಾದು ಐಸ್‌ಕ್ಯಾಂಡಿ ಡಬ್ಬ್ಯಾಗ ಮಾತ್ರ. ಸುಮ್ನ ಮೊಬೈಲ್ ಇಟ್ಟು ಉಣ್ಣಾಕ ಬರ್ರಿ” ಎಂದೆ.

ಅವರು ಬರಲಿಲ್ಲ. ಬ್ಯಾಟರಿ ಹಿಡಿದು ದಂಡೆಗೆ ಇಳಿದರು. ಹಿಂದೆಯೇ ನಮ್ಮ ಅತ್ತೆ ಹೊರಟರು, ಹೆಗಲ ಮೇಲೆ ಒಂದು ಕರಿ ಕಂಬಳಿ. ಚಳಿಯಲ್ಲಿ ಕುರಿ ಈದರೆ ಮರಿಗೆ ಹೊದಿಸುವ ಕಂಬಳಿ ಅದು. ನಮ್ಮ ಮನೆಯಲ್ಲಿ ಏನೇ ನಡುಗಿದರೂ ಅತ್ತೆಯ ಬಳಿ ಇರುವ ಔಷಧ ಅದೊಂದೇ. ಏನು ಮಾಡುತ್ತಾರೋ ನೋಡೋಣವೆಂದು ನಾನೂ ಹೋದೆ. ಯಜಮಾನರು ಇಂಜಿನ್ನಿನ ಕೆಳಗಿನ ನಲ್ಲಿ ತಿರುಗಿಸಿ, ಅದರ ನೀರನ್ನೂ ಡ್ರಮ್ಮಿನ ನೀರನ್ನೂ ಪೂರ್ತಿ ಇಳಿಸಿದರು. ಆಮೇಲೆ ನಲ್ಲಿ ಬಂದ್ ಮಾಡಿ, ಇಂಜಿನ್ನು ಡ್ರಮ್ಮು ಎರಡಕ್ಕೂ ಸೇರಿಸಿ ಕಂಬಳಿ ಹೊದಿಸಿ, ಹಗ್ಗ ಬಿಗಿದರು. ಅತ್ತೆ ಸೊಂಟದ ಚೀಲದಿಂದ ಮೈಲಾರದ ಭಂಡಾರದ ಅರಿಶಿನ ತೆಗೆದು ಮೇಲೆ ಚಿಮುಕಿಸಿದರು.

“ಬಾಣಂತನ ಆತೇನ್ರಿ? ಖಾರ ಕುಟ್ಟಿ ತರ್ಲೇನು?” ಎಂದೆ. ಇಬ್ಬರೂ ನಗಲಿಲ್ಲ.

ಗುರುವಾರ ಬೆಳಿಗ್ಗೆ ಹೊಳೆಯೇ ಕಾಣಿಸುತ್ತಿರಲಿಲ್ಲ. ನೀರಿನ ಮೇಲೆ ಮಂಜು ಗಟ್ಟಿಯಾಗಿ ಕೂತಿತ್ತು. ಅದು ತುಸು ಸರಿಯಲೆಂದು ಕಾದು, ಒಂಬತ್ತಕ್ಕೆ ಹತ್ತು ನಿಮಿಷವಿದ್ದಾಗ ದೋಣಿ ಹತ್ತಿದೆವು. ನಾನು ಹೊಸ ಸೀರೆ ಉಟ್ಟು, ದಾಖಲೆಗಳ ಚೀಲವನ್ನು ಎದೆಗವಚಿಕೊಂಡಿದ್ದೆ. ಅತ್ತೆಯ ಕೈಯಲ್ಲಿ ರೊಟ್ಟಿ ಗಂಟು. ನಮ್ಮ ಕುರಿಗಳು ಆಗ ಆಚೆ ದಂಡೆಯ ಹೊಲವೊಂದರಲ್ಲಿ ಹಿಕ್ಕೆ ಗೊಬ್ಬರಕ್ಕೆಂದು ಮಂದೆ ನಿಂತಿದ್ದವು, ಮೈದುನ ಅವುಗಳ ಜೊತೆಗಿದ್ದ. ಅವನಿಗೆ ದಿನಾ ರೊಟ್ಟಿ ಒಯ್ಯುವುದು ಅತ್ತೆಯೇ. ಯಜಮಾನರು ಇಂಜಿನ್ನಿನ ಮೇಲಿನ ಕಂಬಳಿ ಸರಿಸಿದರು. ಅತ್ತೆ ಡ್ರಮ್ಮಿನ ಮೇಲಿದ್ದ ಕಂಬಳಿಯನ್ನು ಹಾಗೆಯೇ ಬಿಟ್ಟು, ಅದರ ಮೇಲೆ ಹತ್ತಿ ಕುಳಿತರು. ಚಳಿ ಶುರುವಾದಾಗಿನಿಂದ ಅದು ಅವರ ಖಾಯಂ ಸೀಟು. ಇಂಜಿನ್ ಓಡುತ್ತಿದ್ದ ಹಾಗೆ ಡ್ರಮ್ಮು ಬೆಚ್ಚಗಾಗುತ್ತದೆ ಎಂಬುದನ್ನು ಊರಿಗೆ ಮೊದಲು ಕಂಡುಹಿಡಿದವರು ಅವರೇ.

ಇಂಜಿನ್ ಬೇಗ ಹತ್ತಲಿಲ್ಲ. ನಾಲ್ಕು ಸಲ ಹ್ಯಾಂಡಲ್ ಹೊಡೆದು, ಐದನೆಯ ಸಲಕ್ಕೆ ಕೆಮ್ಮಿ, ಹೊಗೆಯುಗುಳಿ ಶುರುವಾಯಿತು. ಯಜಮಾನರ ಮುಖ ಅರಳಿತು. ಹೊಲದಲ್ಲಿ ಚಾಲೂ ಮಾಡಿ ರೂಢಿಯಾದ ಕೈ. ಇಂಜಿನ್ ಹತ್ತಿತೆಂದರೆ ಮುಗಿಯಿತು. ಅವರು ಚುಕ್ಕಾಣಿ ಹಿಡಿದು ಕುಳಿತರು, ನಾನು ದಾಖಲೆಗಳನ್ನು ಮತ್ತೊಮ್ಮೆ ಎಣಿಸಿದೆ. ನೀರಿನ ನೆನಪು ಮೂವರಲ್ಲಿ ಒಬ್ಬರಿಗೂ ಬರಲಿಲ್ಲ.

ನಡುಹೊಳೆಗೆ ಬಂದಿದ್ದೆವು. ಅತ್ತೆ ಕೂತಲ್ಲೇ ಆಚೆ ಈಚೆ ಸರಿದಾಡಿ, “ಲೇ ತಮ್ಮಾ, ಇವತ್ತು ಯಾಕ ಬೆಚ್ಚಗಾಗವಲ್ದು?” ಎಂದರು.

“ಚಳಿ ಭಾಳ ಐತಿ ಯವ್ವಾ, ತಡೀ ಸ್ವಲ್ಪ” ಎಂದರು ಯಜಮಾನರು.

“ದಿನಾ ಇಷ್ಟೊತ್ತಿಗೆ ಕುಂಡಿ ಕಾಯ್ತಿತ್ತು. ಇವತ್ತು ತಣ್ಣಗ ಕೊರಿಯಾಕತ್ತೈತಿ.”

ನನಗೆ ಆಗ ಹೊಳೆಯಿತು. ಕಂಬಳಿಯ ಅಂಚು ಎತ್ತಿ ಡ್ರಮ್ಮಿಗೆ ಒಂದು ಗುದ್ದು ಕೊಟ್ಟೆ. ಢಣ್ ಎಂದಿತು. ಯಜಮಾನರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಕಾದ ಕಬ್ಬಿಣದ, ಸುಟ್ಟ ಬಣ್ಣದ ವಾಸನೆ ಅಷ್ಟರಲ್ಲಿ ಮೂಗಿಗೇ ಬಂತು. ಅವರು ಹಾರಿಬಿದ್ದು ಡೀಸೆಲ್ ಬಂದ್ ಮಾಡಿದರು. ಇಂಜಿನ್ ಎರಡು ಸಲ ಮುಕ್ಕರಿಸಿ ನಿಂತುಬಿಟ್ಟಿತು.

ನಾನು ಬಕೆಟ್ಟು ಹೊಳೆಗೆ ಅದ್ದಿ, ತುಂಬಿಸಿ, ಇಂಜಿನ್ನಿನ ಮೇಲೆ ಸುರಿಯಲು ಎತ್ತಿದ್ದೆ. ಯಜಮಾನರು ನನ್ನ ರಟ್ಟೆ ಹಿಡಿದು ಎಳೆದ ರಭಸಕ್ಕೆ ಅರ್ಧ ನೀರು ನನ್ನ ಹೊಸ ಸೀರೆಗೇ ಬಿತ್ತು.

“ಸುರೀಬ್ಯಾಡ! ಕಾದ ಕಬ್ಬಿಣ ಅದು. ತಣ್ಣೀರು ಬಿದ್ರ ಈಗ ಸೀಳ್ತೈತಿ!”

ರಾತ್ರಿಯೆಲ್ಲ ಯಾವ ಸೀಳಿಗೆ ಹೆದರಿ ಕಂಬಳಿ ಹೊದಿಸಿದ್ದರೋ, ಅದನ್ನು ನಾನು ಒಂದು ಬಕೆಟ್ಟಿನಲ್ಲಿ ಮಾಡಿ ಮುಗಿಸುತ್ತಿದ್ದೆ. ಆದರೆ ಆ ಹೊತ್ತಿನಲ್ಲಿ ಅಷ್ಟೆಲ್ಲ ತಿಳಿಯುವ ತಾಳ್ಮೆ ಎಲ್ಲಿತ್ತು? ನನ್ನ ಬಾಯಿ ಶುರುವಾಯಿತು. ನಿಮಗ ಹೆಂಡ್ತಿಗಿಂತ ಇಂಜಿನ್ ಹೆಚ್ಚು, ನನ್ನ ನೌಕರಿ ಹೊಳಿಪಾಲು ಮಾಡಾಕ ಕಾಯ್ತಿದ್ರಿ, ನಿಮ್ಮನ್ನ ಕಟ್ಟಿಕೊಂಡು ಏನ್ ಸುಖ ಕಂಡೀನಿ, ಹೀಗೆ. ಮರೆತದ್ದರಲ್ಲಿ ನನ್ನ ಪಾಲೂ ಇತ್ತು ಎಂಬುದು ಗೊತ್ತಿದ್ದರಿಂದಲೇ ದನಿ ಇನ್ನೂ ಏರಿತು. ಅವರು ದೋಣಿಯ ಅಡಿಯಿಂದ ಹುಟ್ಟು ಎಳೆದು ನೀರಿಗೆ ಹಾಕಿದರು. ಎರಡು ಹುಟ್ಟು ಇರಬೇಕಿತ್ತು. ಇನ್ನೊಂದು, ಇಂಜಿನ್ ಬಂದ ವರ್ಷದಿಂದ, ನಮ್ಮ ಹಿತ್ತಲಿನಲ್ಲಿ ಬಟ್ಟೆ ಒಣಗಿಸುವ ಹಗ್ಗಕ್ಕೆ ಕಂಬವಾಗಿ ನಿಂತಿತ್ತು. ನಿಲ್ಲಿಸಿದವಳು ನಾನೇ.

“ಬಾಯಿ ಬಡ್ಕೊಂಡಿದ್ದು ಸಾಕು, ಕೈ ಹಚ್ಚ” ಎಂದರು ಅತ್ತೆ. ಕೂರುವ ಹಲಗೆಯೊಂದನ್ನು ಕಿತ್ತು ನನ್ನ ಕೈಗೆ ಕೊಟ್ಟರು. ನೀರಿಗೆ ಹೆದರುವ ಕೂಡ್ಲಿಗಿಯ ಹೆಣ್ಣು ನಾನು, ಅಂಚಿಗೆ ಬಾಗಿ, ಹಲಗೆಯಿಂದ ಹೊಳೆಯನ್ನು ಹಿಂದಕ್ಕೆ ತಳ್ಳತೊಡಗಿದೆ. ಬೈಯುವುದಕ್ಕೂ ತಳ್ಳುವುದಕ್ಕೂ ಒಟ್ಟಿಗೆ ಉಸಿರು ಸಾಲದೆ ಬೈಯುವುದು ನಿಂತಿತು. ನೀರು ಎಷ್ಟು ತಣ್ಣಗಿತ್ತೆಂದರೆ ಬೆರಳುಗಳು ನನ್ನವೇ ಎಂಬ ಗುರುತು ಉಳಿಯಲಿಲ್ಲ. ಇಪ್ಪತ್ತು ನಿಮಿಷದ ಹೊಳೆ ಒಂದು ಗಂಟೆ ತೆಗೆದುಕೊಂಡಿತು.

ದಂಡೆ ಮುಟ್ಟಿದಾಗ ಹತ್ತಕ್ಕೆ ಐದು ನಿಮಿಷ. ಯಜಮಾನರು ದಾಖಲೆಗಳ ಚೀಲ ನನ್ನ ಕೈಗಿಟ್ಟು, “ಓಡು” ಎಂದರು, ಅಷ್ಟೇ. ಒದ್ದೆ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ. ಶಾಲೆಯ ಕಚೇರಿಗೆ ನುಗ್ಗಿದಾಗ ಗೋಡೆಯ ಗಡಿಯಾರ ಹತ್ತೂ ಕಾಲು ತೋರಿಸುತ್ತಿತ್ತು. ಹೆಡ್‌ಮಾಸ್ತರರು ಮೇಜಿನ ಹಿಂದೆ ಶಾಲು ಹೊದ್ದು ಕುಳಿತಿದ್ದರು.

“ಸರ್, ಹೊಳ್ಯಾಗ ಇಂಜಿನ್ ನಿಂತ್ಬಿಡ್ತು, ಅದಕ್ಕ…” ಎಂದೆ. ಮುಂದಿನ ಮಾತು ಅಳುವಾಗಿ ಬಂತು.

“ಕುಂದರ್ರಿ ತಾಯಿ, ಮೊದ್ಲು ದಮ್ ತಗೋರಿ” ಎಂದರು ಅವರು. “ನಿಮ್ಮ ಕಾಗದಕ್ಕ ಸಹಿ ಹಾಕೋ ಶಾಲಿ ಕಮಿಟಿ ಸೆಕ್ರೆಟರಿನ ಇನ್ನೂ ಬಂದಿಲ್ಲ. ಈ ಚಳ್ಯಾಗ ಹಾಸಿಗಿ ಬಿಟ್ಟು ಏಳಾಕ ಅವರಿಗೂ ಆಗವಲ್ದು.”

ಆ ಸೆಕ್ರೆಟರಿಯವರು ಬಂದದ್ದು ಹತ್ತೂ ಮುಕ್ಕಾಲಿಗೆ, ಮಂಕಿ ಟೋಪಿ, ಸ್ವೆಟರು, ಅದರ ಮೇಲೊಂದು ಕೋಟು ಹಾಕಿಕೊಂಡು. ಅವರ ಸೋಮಾರಿತನಕ್ಕೆ ಮನಸ್ಸಿನಲ್ಲೇ ಸಾಷ್ಟಾಂಗ ಹಾಕಿದೆ. ಹಲಗೆ ಹಿಡಿದು ಬೊಬ್ಬೆ ಎದ್ದಿದ್ದ ಕೈಯಲ್ಲಿ ಪೆನ್ನು ನಿಲ್ಲಲಿಲ್ಲ. ಹಾಜರಿ ಪುಸ್ತಕದಲ್ಲಿ ನನ್ನ ಮೊದಲ ಸಹಿ ಈಗಲೂ ಜ್ವರ ಬಂದವರ ಅಕ್ಷರದಂತೆ ಕಾಣುತ್ತದೆ.

ನಾಳೆಯಿಂದ ಬನ್ನಿ ಎಂದರು. ಹೊರಗೆ ಬಂದರೆ ಗೇಟಿನ ಬಳಿ ಯಜಮಾನರು ನಿಂತಿದ್ದರು. ಒಳಗೆ ಬರಲು ಸಂಕೋಚಪಟ್ಟುಕೊಂಡು, ಮಕ್ಕಳು ನೋಡುತ್ತಿದ್ದಾರೆಂದು ಮಸಿ ಹತ್ತಿದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು.

“ಸಹಿ ಆತೇನು?”

“ಆತ್ರಿ.”

ಅವರು ಒಂದು ದೊಡ್ಡ ಉಸಿರು ಬಿಟ್ಟರು.

“ಇಂಜಿನ್?” ಎಂದೆ.

“ಇನ್ನೂ ನೋಡಿಲ್ಲ.”

ಒಂದು ಬೋಲ್ಟು ಸಡಿಲವಾಗಿದೆ ಎಂದರೆ ಊಟ ಬಿಟ್ಟು ಓಡುವ ಮನುಷ್ಯ ಒಂದು ಗಂಟೆ ಅದನ್ನು ಮುಟ್ಟಿಲ್ಲ ಎಂದರೆ ನಂಬುವುದು ಹೇಗೆ? ಹೊಳೆಯ ಕಡೆ ನಡೆಯುತ್ತ ಕೇಳಿದೆ. ಅವರು ನೆಲ ನೋಡಿಕೊಂಡು ಹೇಳಿದರು: “ಒಳಗ ಹಿಡ್ಕೊಂಡು ಜಾಮ್ ಆಗಿದ್ರ? ಆ ಮಾರಿ ಹೊತ್ಕೊಂಡು ಬಂದು ನಿನ್ನ ಹೆಂಗ ಕೇಳ್ಲಿ? ಮೊದ್ಲು ನಿಂದು ತಿಳೀಲಿ ಅಂತ ಬಿಟ್ಟೆ. ನಿನ್ನೆ ನೀರು ಇಳ್ಸಿದ್ದೂ ಅದಕ್ಕ. ಇವತ್ತೊಂದಿನ ಅದು ಕೈ ಕೊಡಬಾರ್ದು ಅಂತ.”

ಬೆಳಿಗ್ಗೆ ನಡುಹೊಳೆಯಲ್ಲಿ ಆಡಿದ ಒಂದೊಂದು ಮಾತೂ ನೆನಪಾಗಿ ನಾಚಿಕೆಯಾಯಿತು. ಜೊತೆಗೇ ಇನ್ನೊಂದು ಹೆದರಿಕೆ ಹುಟ್ಟಿತು. ನೌಕರಿ ಸಿಕ್ಕಿದ್ದು ನಿಜ, ಇಂಜಿನ್ ಕೆಟ್ಟಿದ್ದರೆ ನಾಳೆ ಬರುವುದು ಹೇಗೆ? ದಿನಾ ಹಲಗೆ ಹಿಡಿದು ದಾಟಲಾಗುತ್ತದೆಯೇ? ಹತ್ತರ ಗಂಟೆ ಬಾರಿಸಬೇಕಾದವಳು ಮಧ್ಯಾಹ್ನದ ಬಸ್ಸಿಗೆ ಇಳಿದರೆ ಎಷ್ಟು ದಿನ ಇಟ್ಟುಕೊಂಡಾರು?

ದೋಣಿಯಲ್ಲಿ ಅತ್ತೆ ಇಂಜಿನ್ನಿಗೆ ಕಾವಲು ಕೂತಂತೆ ಕೂತಿದ್ದರು. ರೊಟ್ಟಿ ಗಂಟು ಇನ್ನೂ ಮಡಿಲಲ್ಲೇ ಇತ್ತು, ಪಾಪ, ಮೈದುನ ಹಸಿದೇ ಇದ್ದ. ಕಬ್ಬಿಣ ಪೂರ್ತಿ ತಣ್ಣಗಾಗಿತ್ತು. ಯಜಮಾನರು ನಲ್ಲಿ ಮುಟ್ಟಿ ನೋಡಿದರು. ಡ್ರಮ್ಮಿಗೆ ಕೊಡದಲ್ಲಿ ನೀರು ತುಂಬಿಸಿದರು. ಪೈಪು ಒತ್ತಿ ನೋಡಿದರು. ಆಮೇಲೆ ಹ್ಯಾಂಡಲ್ ಹಾಕಿ, ಅದನ್ನು ಹಿಡಿದುಕೊಂಡು ಸುಮ್ಮನೆ ನಿಂತರು.

“ನೀನ ತಿರುಗ್ಸು. ನನ್ನ ಕೈಲಿ ಆಗಂಗಿಲ್ಲ” ಎಂದರು.

ನಾನು ಸೆರಗು ಬಿಗಿದು ಎರಡೂ ಕೈಯಿಂದ ಹ್ಯಾಂಡಲ್ ಹಿಡಿದೆ. ಬೊಬ್ಬೆಗಳು ಉರಿದವು. ಮೊದಲು ಅದು ಕದಲಲಿಲ್ಲ. ಮೂವರೂ ಉಸಿರು ಹಿಡಿದೆವು. ಮೈಭಾರವೆಲ್ಲ ಹಾಕಿ ಒತ್ತಿದೆ. ಒಳಗೆಲ್ಲೋ ಸಣ್ಣಗೆ ಕಿರ್ರ್ ಎಂದು, ಭಾರವಾಗಿ, ಆದರೆ ತಡೆಯಿಲ್ಲದೆ, ಅದು ತಿರುಗಿತು. ಪೂರ್ತಿ ಒಂದು ಸುತ್ತು.

“ತಿರುಗ್ತು!” ಎಂದು ನಾನು ಕೂಗಿದ್ದು ಈಚೆ ದಂಡೆಯವರೆಗೂ ಕೇಳಿಸಿತ್ತಂತೆ. ಯಜಮಾನರು ಇದ್ದಲ್ಲೇ ಕುಸಿದು ಕೂತು, ಮಸಿ ಕೈಯಿಂದಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಕರ್ರಗೆ ಮಾಡಿಕೊಂಡರು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ಗೊತ್ತಿಲ್ಲ. ಅಷ್ಟು ಹಗುರವಾದ ಗಳಿಗೆ ನನ್ನ ಬಾಳಿನಲ್ಲಿ ಹೆಚ್ಚಿಲ್ಲ.

ಅತ್ತೆ ರೊಟ್ಟಿ ಕೊಟ್ಟು ಬಂದ ಮೇಲೆ ಯಜಮಾನರು ಹ್ಯಾಂಡಲ್ ಹೊಡೆದರು. ಎರಡನೆಯ ಸಲಕ್ಕೇ ಹತ್ತಿತು. ಆ ಸದ್ದಿನಲ್ಲಿ ಕ್ಷಮಿಸಿ ಎಂದರೂ ಕೇಳಿಸುತ್ತಿರಲಿಲ್ಲ. ನಾನು ಎದ್ದು ಹೋಗಿ ಚುಕ್ಕಾಣಿಯ ಹತ್ತಿರ ಅವರ ಪಕ್ಕಕ್ಕೆ ಕೂತೆ. ದೋಣಿ ನಡುಹೊಳೆಗೆ ಬಂದಾಗ ಅವರ ಕಿವಿಗೆ ಬಾಯಿಟ್ಟು, “ನಾಳಿ ಎಷ್ಟಕ್ಕ ಬಿಡೋದ್ರಿ?” ಎಂದು ಕೂಗಿ ಕೇಳಿದೆ. ಅವರು ಚುಕ್ಕಾಣಿ ಬಿಟ್ಟು, ಎರಡೂ ಕೈ ಎತ್ತಿ ಎಂಟು ಬೆರಳು ತೋರಿಸಿದರು.