ಎಲಬಲ್ಲ, ಮಗ್ಗಲ

ನಮ್ಮ ರಬಕವಿ-ಬನಹಟ್ಟಿ ಕಡೆ ಗಂಡನ ಒದಿಕಿಗೆ ಪಕ್ಕೆಲಬು ಮುರಿಸಿಕೊಂಡ ಹೆಂಗಸು ಡಾಕ್ಟರ ಮುಂದ ಹೇಳೋದು ಒಂದ ಮಾತು: ಲಾಳಿ ಬಡೀತ್ರಿ. ಪವರ್‌ಲೂಮಿನಾಗ ನೂಲು ಹೊತ್ತು ಅತ್ತಿತ್ತ ಓಡೋ ಲಾಳಿ ಒಮ್ಮೊಮ್ಮೆ ಖರೇನ ಸಿಡೀತೈತಿ, ಬಡಿದರ ಎಲಬು ಮುರೀತೈತಿ. ಹಂಗಾಗಿ ಯಾರೂ ಮುಂದ ಕೇಳೂದಿಲ್ಲ. ನಾನೂ ಎರಡು ಸಲ ಹೇಳೇನಿ. ಮೊದಲನೇ ಸಲ ಹೊಟ್ಟಿಯೊಳಗಿನ ಕೂಸು ಹೋತು. ಅದನ್ನೂ ಲಾಳಿ ಮ್ಯಾಲೆ ಹಾಕಿದೆ. ಗಂಡ ಸತ್ತ ದಿನ ನಾ ಅಳಲಿಲ್ಲ.

ಹೋದ ವರ್ಷ ನನ್ನ ಮಗಳನ್ನ ಅಳಿಯ ಬಡಿದ. ಚಾದಾಗ ಸಕ್ಕರಿ ಕಡಿಮಿ ಅಂತ ಸುರು ಆಗಿದ್ದು. ಕೂದಲಾ ಹಿಡಿದು ತಲಿ ಗ್ವಾಡಿಗೆ ಗುದ್ದಿದ. ಬಿದ್ದಮ್ಯಾಲೆ ಒಂದು ಮಗ್ಗಲಿಗೆ ಒದ್ದ. ಅಕಿ ಹೊಳ್ಳಿದಳು, ಇನ್ನೊಂದು ಮಗ್ಗಲಿಗೂ ಒದ್ದ. ನಾ ಹೋಗೂದರಾಗ ಬಾಯಾಗ ರಕ್ತ ಬರಾಕತ್ತಿತ್ತು. ಗಾಡಿ ಮಾಡಿ ಜಮಖಂಡಿ ಆಸ್ಪತ್ರಿಗೆ ಒಯ್ದೆ. ದಾರಿಯಾಗ ಅಕಿ ಕಿವಿಯಾಗ ನಾನ ಹೇಳಿದೆ, "ಲಾಳಿ ಬಡೀತು ಅನ್ನು." ಹೆತ್ತ ತಾಯಿ ಹೇಳಿದ ಮಾತು ಇದು.

ಐದು ಎಲಬು ಮುರಿದಿದ್ದವು. ರಕ್ತ ಒರಸಾಕ ಬಂದ ಸಿಸ್ಟರ್ ಕ್ರೈಸ್ತರಾಕಿ, ನಡುವಯಸ್ಸಿನಾಕಿ. ಒರಸಿಕೋಂತ ಅಂದಳು, "ನಮ್ಮ ಬೈಬಲದಾಗ ದೇವರು ಗಂಡಸಿನ ಪಕ್ಕೆಲಬು ತಗದು ಹೆಂಗಸನ್ನ ಮಾಡಿದ ಅಂತ ಐತಿ, ಯವ್ವಾ."

"ಅದಕ್ಕ ತಮ್ಮ ಎಲಬು ಅಂತ ತಿಳಿದು ಮುರೀತಾರೇನು?" ಅಂತ ಕೇಳಿದೆ.

"ಅದು ಎಲಬ ಅಲ್ಲಂತ. ನಮ್ಮಪ್ಪ ಪಾದ್ರಿ ಇದ್ದ, ಹಿಬ್ರೂ ಕಲ್ತಾಂವ. ಅಲ್ಲಿರೋ ಮಾತು 'ತ್ಸೇಲಾ'. ಬ್ಯಾರೆ ಕಡೆ ಹೆಚ್ಚಾಗಿ ಅದಕ್ಕ ಮಗ್ಗಲ ಅಂತ ಅರ್ಥ. ದೇವರ ಗುಡಾರದ ಮಗ್ಗಲ, ಗುಡ್ಡದ ಮಗ್ಗಲ. ಹೆಂಗಸಿನ ಕತಿ ಬಂದಾಗಷ್ಟ ಎಲಬು ಮಾಡ್ಯಾರ ಅಂತಿದ್ದ. ಹೆಂಗಸು ಚೂರು ಎಲಬಲ್ಲ, ಇಡೀ ಒಂದು ಮಗ್ಗಲಾ."

"ನಿಮ್ಮಪ್ಪ ನಿಮ್ಮವ್ವಗ ಬಡೀತಿದ್ನೇನು?"

ಸಿಸ್ಟರ್ ಅರಿವಿ ಹಿಂಡಿದಳು. "ಬಡೀತಿದ್ದ."

ಅರ್ಥ ಗೊತ್ತಿದ್ದಾಂವನೂ ಬಡೀತಾನ. ಅಂದಮ್ಯಾಲೆ ಆ ಅರ್ಥ ಗಂಡಸರಿಗೆ ಹೇಳಿ ಏನೂ ಉಪಯೋಗಿಲ್ಲ. ನನಗ ಯಾರರ ಮೊದಲ ಹೇಳಬೇಕಾಗಿತ್ತು. ಎಲಬು ಮುರೀತೈತಿ, ಕೂಡತೈತಿ, ಹೆಂಗಸು ತಿರುಗಿ ಒಲಿ ಮುಂದ ಕೂಡತಾಳ ಅಂತ ನಾ ತಿಳಿದಿದ್ದೆ. ಮಗಳನ್ನೂ ಹಂಗ ಕಳಿಸಾಕ ನಿಂತಿದ್ದೆ. ಇನ್ನೊಮ್ಮೆ ಹೋದರ ಅಕಿ ಹೆಣಾನ ಬರತಿತ್ತು.

ಅಷ್ಟರಾಗ ಅಳಿಯ ಎಳನೀರ ಕಾಯಿ ಹಿಡಕೊಂಡು ಬಂದ, ಮಗ್ಗಲದಾಗ ಡಾಕ್ಟರ್ರು.

"ಏನಾಗಿತ್ತಮ್ಮಾ?" ಅಂತ ಡಾಕ್ಟರ್ರು ಮಗಳಿಗೆ ಕೇಳಿದರು. ಅಕಿ ನನ್ನ ಮಾರಿ ನೋಡಿದಳು.

"ಲಾಳಿ ಬಡದೈತ್ರಿ ಸಾಹೇಬ್ರ" ಅಂದ ಅಳಿಯ.

"ಲಾಳಿ ಸಿಡಿದರ ಒಂದ ಕಡೆ ಬಡೀತೈತ್ರಿ, ಎರಡೂ ಮಗ್ಗಲಿಗೆ ಬಡಿಯೂದಿಲ್ಲ. ಇಂವ ಒದ್ದಾನ. ಸುಳ್ಳು ಹೇಳು ಅಂತ ಅಕಿಗೆ ಹೇಳಿದಾಕಿ ನಾನ. ಪೊಲೀಸರಿಗೆ ಬರೀರಿ" ಅಂದೆ.

"ಏ ಮುದುಕಿ, ನಿನ್ನ ಮಗಳ ಸಂಸಾರಾ ನೀನ ಸುಡ್ತಿ ಏನಬೇ!" ಅಂದಾಂವನ ಆ ಎಳನೀರ ಕಾಯಿಂದ ನನ್ನ ಮಾರಿಗೆ ಹೊಡೆದ. ತುಟಿ ಹರೀತು, ಎರಡು ಹಲ್ಲು ಅಂಗೈಯಾಗ ಬಂದವು. ವಾರ್ಡಿನ ನಾಕು ಮಂದಿ ಹಿಡಿದು ಕೆಡವಿದರೂ ಅಂವ ಹಿಡಿದಿದ್ದ ನನ್ನ ಸೀರಿ ಸೆರಗು ಬಿಡಲಿಲ್ಲ. ಜಗ್ಗತಾನ, ಬೈತಾನ.

ಉಸುರು ತಗೊಳ್ಳಾಕ ಬರದ ನನ್ನ ಮಗಳು ಕಾಟಿನ ಸರಳು ಹಿಡಿದು ಎದ್ದು ಕುಂತಳು.

"ಬರಕೋರಿ ಸಾಹೇಬ್ರ, ಮದವಿಯಾದ ವರ್ಷದಿಂದ ಬರಕೋರಿ" ಅಂದಳು.

ಡಾಕ್ಟರ್ರು ಇನ್ನೆರಡು ಹಾಳಿ ತರಿಸಿದರು.