ಹಾಡಿನಲ್ಲಿ ಬಿಟ್ಟ ಜಾಗ

ವಾದದಲ್ಲಿ ನಾನು ಸೋತವನಲ್ಲ. ಇದು ಜಂಬದ ಮಾತೆಂದು ನಿಮಗೆ ಅನ್ನಿಸಿದರೆ, ಜಂಬವಲ್ಲವೆಂದು ಈಗಲೇ ಕಾರಣ ಕೊಟ್ಟು ಸಾಧಿಸಬಲ್ಲೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಬಟ್ಟಲುಗಳಲ್ಲಿ ಈಗ ನಮ್ಮವ್ವ ಸಾಸಿವೆ, ಜೀರಿಗೆ ಹಾಕಿಟ್ಟಿದ್ದಾಳೆ ಅನ್ನುವುದು ಬೇರೆ ಮಾತು. ಇಂಥ ನನ್ನನ್ನು ಹೋದ ಬೇಸಿಗೆಯಲ್ಲಿ ಐದೇ ಅಕ್ಷರದ ಹೆಸರೊಂದು ದಂಗುಬಡಿಸಿ ಕೂರಿಸಿತು. ಆ ದಂಗು ಇನ್ನೂ ಪೂರ್ತಿ ಇಳಿದಿಲ್ಲ.

ನಾನು ವಾಡಿಯಲ್ಲಿ ಮ್ಯೂಸಿಕ್ ಪ್ರೊಡ್ಯೂಸರ್. ಹೀಗೆಂದು ಮೊದಲ ಸಲ ಹೇಳಿದಾಗ ನಮ್ಮಪ್ಪ ಗಾಬರಿಯಾಗಿ, "ಪ್ರೊಡ್ಯೂಸರ್ ಅಂದ್ರ ರೊಕ್ಕ ಹಾಕಾವ. ನೀ ಎಲ್ಲಿಂದ ಹಾಕ್ತಿ?" ಎಂದು ತನ್ನ ಜೇಬು ಮುಟ್ಟಿ ನೋಡಿಕೊಂಡಿದ್ದ. ನನ್ನ ಸ್ಟುಡಿಯೋ, ನೆಲಕ್ಕೆ ಹಾಸುವ ಫರ್ಸಿ ಕಲ್ಲು ಮಾರುವ ಅಂಗಡಿಯ ಮೇಲಿನ ಕೋಣೆ. ನಡುವೆ ಗಾಜು ಹಾಕಿ ಎರಡು ಭಾಗ ಮಾಡಿದ್ದೇನೆ: ಅತ್ತ ಹಾಡುವವರು, ಇತ್ತ ಕಂಪ್ಯೂಟರ್ ಮತ್ತು ನಾನು. ಗೋಡೆಗೆ ನಮ್ಮಜ್ಜಿ ಹೊಲಿದ ಕೌದಿಗಳನ್ನು ಹೊದಿಸಿದ್ದೇನೆ. ಸದ್ದು ಹೀರುವುದರಲ್ಲಿ ಅವಕ್ಕೆ ಸಾಟಿಯಿಲ್ಲ. ಆದರೆ ಪಕ್ಕದ ಹಳಿಯ ಮೇಲೆ ಹೋಗುವ ಗೂಡ್ಸ್ ಗಾಡಿಯ ಮುಂದೆ ಯಾವ ಕೌದಿಯ ಆಟವೂ ನಡೆಯದು. ಗಾಡಿ ಬಂದರೆ ಗಾಯಕರು ಬಾಯಿ ತೆರೆದದ್ದು ತೆರೆದಂತೆಯೇ ನಿಲ್ಲುತ್ತಾರೆ, ಕೊನೆಯ ಡಬ್ಬಿ ದಾಟಿದ ಮೇಲೆ ಅದೇ ಅಕ್ಷರದಿಂದ ಮುಂದುವರಿಸುತ್ತಾರೆ.

ಸಂಗೀತವೆಂದರೆ ನೀವು ಏನೇನೋ ಕಲ್ಪಿಸಿಕೊಳ್ಳಬೇಡಿ. ನಾನು ಮಾಡುವುದು ಹೆಸರಿನ ಹಾಡು. ಮದುವೆಯ ಮೆರವಣಿಗೆಯಲ್ಲಿ ಡಿಜೆ ಗಾಡಿಯಿಂದ ಮದುಮಗನ ಹೆಸರು ಮೊಳಗಬೇಕು ಎಂಬುದು ಈಗ ನಮ್ಮ ಕಡೆ ಬಾಸಿಂಗದಷ್ಟೇ ಕಡ್ಡಾಯ. ಸೇಡಂನವರಿಗೆ ಡೊಳ್ಳು ಹೆಚ್ಚು ಬೇಕು, ಕುಂಚಾವರಂ ಕಡೆಯವರಿಗೆ ಒಂದು ನುಡಿ ತೆಲುಗಿನಲ್ಲಿರಬೇಕು. ಉಳಿದದ್ದೆಲ್ಲ ರೆಡಿಮೇಡ್. ಹಾಡು ಒಂದೇ, ಹೆಸರಿಗೆ ಜಾಗ ಬಿಟ್ಟಿರುತ್ತೇವೆ. ಅಲ್ಲಿ ಸಂತೋಷನೂ ಕೂಡುತ್ತಾನೆ, ನಾಗರಾಜನೂ ಕೂಡುತ್ತಾನೆ.

ಹಾಡುವವರು ಗುಂಡಗುರ್ತಿಯ ಶರಣಮ್ಮ. ಐವತ್ತರ ಆಸುಪಾಸಿನ ಹೆಂಗಸು, ಬಿಸಿಲಿಗೆ ಕಾದ ಕಂಚಿನಂಥ ಕಂಠ. ಗಂಡ ಬೈಕಿನ ಮೇಲೆ ಕರೆದುಕೊಂಡು ಬರುತ್ತಾನೆ. ಬಿಳಿ ಟೋಪಿ ತೆಗೆಯದೆ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು, ಹಾಡು ಮುಗಿಯುವವರೆಗೆ ಚಹಾ ಕುಡಿಯುತ್ತಾನೆ. ಆ ದಿನ ಬಂದದ್ದು ಚಿತ್ತಾಪುರದ ಮದುವೆಯ ಹಾಡು. ಮೆರವಣಿಗೆ ಮರುದಿನವೇ. ಬಳೆ, ಸರ, ಜರಿಸೀರೆ ಎಲ್ಲವನ್ನೂ ಹಾಡಿ ಮುಗಿಸಿದ ಶರಣಮ್ಮ ಹೆಸರಿನ ಜಾಗಕ್ಕೆ ಬಂದು ಕೇಳಿದಳು: "ಮದುಮಗನ ಹೆಸರೇನು ತಮ್ಮಾ?"

"ಬಸವರಾಜ."

ಶರಣಮ್ಮ ಕಿವಿಯ ಮೇಲಿನ ಹೆಡ್‌ಫೋನ್ ತೆಗೆದು ಕೆಳಗಿಟ್ಟಳು. "ಅದನ್ನ ನಾ ಹೇಳಂಗಿಲ್ಲ."

ಬಾಗಿಲ ಬಳಿ ಕೂತವನ ಹೆಸರು ಬಸವರಾಜ ಎಂಬುದು ನನಗೆ ಗೊತ್ತಾದದ್ದೇ ಆಗ. ಅಷ್ಟು ವರ್ಷ ಅವನು ನನಗೆ ಬರೀ ಮಾಮಾ. ಆ ಹೆಸರಿನ ಮದುಮಗ ಬಂದದ್ದೂ ಅದೇ ಮೊದಲು.

ನನಗೆ ಆಘಾತವಾಯಿತು, ಜೊತೆಗೆ ಒಳಗೊಳಗೇ ಖುಷಿಯೂ ಆಯಿತು. ಬಹಳ ದಿನದಿಂದ ಒಳ್ಳೆಯ ವಾದ ಸಿಕ್ಕಿರಲಿಲ್ಲ. "ಅಕ್ಕಾ, ಈ ಬಸವರಾಜ ಬ್ಯಾರೆ, ಆ ಬಸವರಾಜ ಬ್ಯಾರೆ."

"ಮನಷಾ ಬ್ಯಾರೆ ಇರ್ತಾನ. ಹೆಸರು ಬ್ಯಾರೆ ಅದ ಏನು?"

ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ನಂಬಿಕೆ ಹೊರಬರುವುದನ್ನೇ ನಾನು ಕಾಯುತ್ತಿದ್ದೆ. ಅದರ ಖಂಡನೆ ನಾಲಿಗೆಯ ತುದಿಯಲ್ಲಿತ್ತು. ತಡೆಯಲಾರದೆ ನಾನೇ ಕೆಣಕಿದೆ: "ಹೇಳಿದ್ರ ಏನಾಗ್ತದ?"

"ಏನೂ ಆಗಂಗಿಲ್ಲ."

"ಮತ್ತ್ಯಾಕ ಹೇಳವಲ್ರಿ?"

"ಊರಮಂದಿ ಮುಂದ ಕೂಗ್ಲಿಕ್ಕ ಇಟ್ಟದ್ದಲ್ಲ ಅದು. ಲಗ್ನಾನೇ ಆಗಿಲ್ಲ, ನಿನಗೇನು ತಿಳೀತದ? ಬಾಯಿ ಒಂದೇ ಬೆಳದದ."

ಎದುರಾಳಿ ಹೇಳದ ಮಾತನ್ನು ಖಂಡಿಸುವುದು ಹೇಗೆ? ಮಾಮಾನತ್ತ ತಿರುಗಿದೆ. "ನೀವರ ಹೇಳ್ರಿ." ಅವನು ಚಹಾ ಸುರಿದುಕೊಂಡ ಬಸಿ ನೋಡುತ್ತ ಅಂದ: "ನನ್ನ ನಡುವ ಎಳೀಬ್ಯಾಡಪ್ಪ. ನಾ ಸಂಜೀಕ ಅದೇ ಮನೀಗಿ ಹೋಗಬೇಕು."

ಹಾಗೆ ನೋಡಿದರೆ ಇದು ನನಗೆ ಹೊಸದಲ್ಲ. ನಮ್ಮಜ್ಜನ ಹೆಸರು ಚಂದ್ರಪ್ಪ. ಹೀಗಾಗಿ ಅಜ್ಜಿ ಸಾಯುವತನಕ ಚಂದ್ರನ ಹೆಸರೆತ್ತಲಿಲ್ಲ. ಹುಣ್ಣಿಮೆಯ ದಿನ ಅಂಗಳದಲ್ಲಿ ನಿಂತು, "ಇವತ್ತ ಅವರು ಪೂರಾ ಬಂದಾರ" ಎನ್ನುತ್ತಿದ್ದಳು. ಪೂರಾ ಬಂದವರು ಒಳಗೆ ಜೋಳದ ರೊಟ್ಟಿ ಮುರಿಯುತ್ತ ಕೂತಿರುತ್ತಿದ್ದರು. ಗ್ರಹಣ ಹಿಡಿದಾಗಲಂತೂ ಅವಳು "ಅವರನ್ನ ಹಾವು ನುಂಗ್ತು" ಎಂದದ್ದನ್ನು ಕೇಳಿ ನೆರೆಯವರು ಓಡಿ ಬಂದಿದ್ದರು. ಕವಿಗಳು ಚಂದ್ರನನ್ನು ಮುಖಕ್ಕೆ ಹೋಲಿಸುತ್ತಾರಷ್ಟೆ. ಅವನನ್ನು ಇಡೀ ಗಂಡನೆಂದೇ ಕಂಡವಳು ನಮ್ಮಜ್ಜಿ.

ಗಂಡ ಹೆಂಡತಿ ಊಟಕ್ಕೆ ಕೆಳಗಿಳಿದರು. ಆಗ ನನಗೆ ಆ ಬುದ್ಧಿ ಹೊಳೆಯಿತು. ಶರಣಮ್ಮ ಹಾಡಿದ್ದೆಲ್ಲ ನನ್ನ ಕಂಪ್ಯೂಟರಿನಲ್ಲಿತ್ತು. ಬಳೆಯ 'ಬ', ಸರದ 'ಸ', ವರನ 'ವ', ರಾಶಿಯ 'ರಾ', ಜರಿಯ 'ಜ' ಕತ್ತರಿಸಿ ಹೊಂದಿಸಿದೆ. ಹೊಲಿಗೆ ಕಾಣದಂತೆ ಸ್ವಲ್ಪ ಸವರಿದೆ. ಕೌದಿಗಿಂತ ಚೆನ್ನಾಗಿ ಕೂತಿತು! ಹೇಳದೆಯೇ ಹೇಳಿಸಿದ್ದೆ. ಇದಕ್ಕಿಂತ ದೊಡ್ಡ ಗೆಲುವು ಯಾವ ವಾದಿಗೆ ಬೇಕು?

ಊಟ ಮುಗಿಸಿ ಬಂದವರಿಗೆ ಬೀಗುತ್ತ ಕೇಳಿಸಿದೆ. ಸ್ಪೀಕರಿನಿಂದ ಶರಣಮ್ಮನ ಕಂಠ ಖಣಖಣ ಕರೆಯಿತು: "ಬಸವರಾಜಾ..."

ಶರಣಮ್ಮನ ಕೈ ಬಾಯಿಗೆ ಹೋಯಿತು. ತನ್ನ ತುಟಿ ಅಲ್ಲಾಡಿತೇನೋ ಎಂದು ನೋಡಿಕೊಂಡಂತಿತ್ತು. "ಇದು ನಾ ಅಂದಿಲ್ಲ."

"ಅಂದಿಲ್ಲ ಅಕ್ಕಾ. ಅದೇ ಇದರ ಮಜಾ..."

"ನನ್ನ ಬಾಯಿ ನಿನ್ನ ಕೈಯಾಗ ಯಾರು ಕೊಟ್ರು?"

ವಾದ ಬಿಟ್ಟು ಮೌಸಿನಿಂದ ಕೈ ತೆಗೆದೆ. ಜನ್ಮದಲ್ಲಿ ಮೊದಲ ಸಲ.

ಅಷ್ಟರಲ್ಲಿ ಬಾಗಿಲ ಬಳಿಯಿಂದ ದನಿ ಬಂತು. ಮಾಮಾ ಎದ್ದು ನಿಂತಿದ್ದ, ಟೋಪಿ ಕೈಯಲ್ಲಿತ್ತು. "ಇನ್ನೊಮ್ಮೆ ಹಾಕು ತಮ್ಮಾ."

ಶರಣಮ್ಮ ಗಕ್ಕನೆ ತಿರುಗಿದಳು.

"ಅಲ್ಲ, 'ಕೇಳಸ್ತದೇನ್ರಿ', 'ಇಲ್ನೋಡ್ರಿ' ಅಂಬೋದು ಬಿಟ್ರ ನಾ ಏನ್ ಕೇಳೀನಿ?" ಅವನು ಯಾರ ಮುಖವನ್ನೂ ನೋಡದೆ ಅಂದ. "ಇನ್ನೊಮ್ಮೆ. ಅಷ್ಟೇ."

"ಅಳಸು," ಎಂದಳು ಶರಣಮ್ಮ.

ಒಂದೇ ವಿಷಯದ ಪರವಾಗಿಯೂ ವಿರೋಧವಾಗಿಯೂ ಮಾತಾಡಿ ಬಟ್ಟಲು ಗೆದ್ದವನು ನಾನು. ಎರಡು ಕಡೆಯೂ ಸತ್ಯವಿದ್ದಾಗ ಏನು ಮಾಡಬೇಕೆಂದು ಯಾರೂ ಕಲಿಸಿರಲಿಲ್ಲ. ಆದರೆ ಬಾಯಿ ಯಾರದು ಎಂಬ ಪ್ರಶ್ನೆಗೆ ಎರಡು ಪಕ್ಷವಿಲ್ಲವಲ್ಲ! ಅವಳ ಕಣ್ಣೆದುರಿಗೇ ಅಳಿಸಿದೆ. ಮಾಮಾ ಮತ್ತೆ ಕುರ್ಚಿಯಲ್ಲಿ ಕೂತ. ಅವನ ಮುಖ ನೋಡಲಾಗದೆ ನಾನು ಕಂಪ್ಯೂಟರಿನ ಪರದೆ ಒರೆಸತೊಡಗಿದೆ.

ಶರಣಮ್ಮ ಗಂಡನ ಕೈಯಲ್ಲಿದ್ದ ಟೋಪಿ ನೋಡಿದಳು. ಆಮೇಲೆ, "ಒಳಗಿನ ಮೈಕ ಬಂದ್ ಮಾಡು," ಎಂದಳು ನನಗೆ. ಗಂಡನಿಗೆ, "ಬರ್ರಿ ಇಲ್ಲಿ."

ಇಬ್ಬರೂ ಗಾಜಿನಾಚೆಯ ಕೋಣೆಗೆ ಹೋದರು. ಬಾಗಿಲು ಮುಚ್ಚಿತು. ನಾನು ಮೈಕು ಬಂದ್ ಮಾಡಿ ದಂಗಾಗಿ ನೋಡುತ್ತ ಕೂತೆ. ಶರಣಮ್ಮ ನನಗೆ ಬೆನ್ನು ಮಾಡಿ ನಿಂತಿದ್ದಳು. ಕಂಡದ್ದು ಮಾಮಾನ ಮುಖ ಮಾತ್ರ. ಅಜ್ಜಿಯ ಕೌದಿಗಳು ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡಿದವು. ಗೂಡ್ಸ್ ಗಾಡಿಯೂ ಬರಲಿಲ್ಲ.

ಹೊರಬಂದ ಮಾಮಾ ಟೋಪಿ ಹಾಕಿಕೊಂಡು, "ಎಲ್ಲಾರಿಗೂ ಚಾ ಹೇಳು," ಎಂದ, ಅಲ್ಲಿ ನಾವು ಮೂವರನ್ನು ಬಿಟ್ಟು ಇನ್ನೂ ಬಹಳ ಜನ ಇದ್ದವರಂತೆ.

ಚಿತ್ತಾಪುರಕ್ಕೆ ಹಾಡು ಹೆಸರಿನ ಜಾಗ ಖಾಲಿ ಬಿಟ್ಟೇ ಹೋಯಿತು. ಬೈಗುಳ ಬರುತ್ತದೆಂದು ಫೋನ್ ಪಕ್ಕಕ್ಕಿಟ್ಟು ಕೂತಿದ್ದೆ. ಬಂದದ್ದು ವಿಡಿಯೋ: ಹಾಡು ಆ ಜಾಗಕ್ಕೆ ಬಂದೊಡನೆ ಇಡೀ ಮೆರವಣಿಗೆ "ಬಸವರಾಜಾ" ಎಂದು ಕೂಗುತ್ತಿದೆ. ಈಗ ಚಿಂಚೋಳಿಯವರೂ ಶಹಾಬಾದಿನವರೂ "ನಮಗೂ ಹಂಗೇ ಬಿಟ್ಟು ಕೊಡ್ರಿ" ಎನ್ನುತ್ತಾರೆ.

ಸಾಕ್ಷಿಯಿಲ್ಲದ್ದನ್ನು ನಾನು ಇವತ್ತಿಗೂ ಒಪ್ಪುವವನಲ್ಲ. ಆ ಕೋಣೆಯಲ್ಲಿ ಅವಳು ಏನು ನುಡಿದಳು ಎಂಬುದಕ್ಕೂ ಸಾಕ್ಷಿಯಿಲ್ಲ. ಮೈಕು ಬಂದ್ ಆಗಿದ್ದರೂ ಕಂಪ್ಯೂಟರ್ ಓಡುತ್ತಲೇ ಇತ್ತು. ಅದು ಬರೆದುಕೊಂಡದ್ದು ಒಂದು ನೆಟ್ಟನೆಯ ಗೆರೆ, ಅಷ್ಟೆ. ಎಷ್ಟು ದೊಡ್ಡದು ಮಾಡಿ ಹಾಕಿದರೂ ಏನೂ ಕೇಳುವುದಿಲ್ಲ. ಕಂಪ್ಯೂಟರಿನಲ್ಲಿ ಜಾಗ ಸಾಲದೆ ಎಷ್ಟೋ ಹಾಡುಗಳನ್ನು ಅಳಿಸಿದ್ದೇನೆ. ಅದೊಂದನ್ನು ಅಳಿಸಿಲ್ಲ.