ಏಡಿಯ ಸಂದಿಗೆ ತೂರಿದ ಕೈ

ಮಗಳು ಹವಳದ ಅಧ್ಯಯನಕ್ಕೆ ಸೇರಿ ಎರಡು ವರ್ಷವಾಗಿತ್ತು. ಮಲ್ಪೆಯಾಚೆಯ ದ್ವೀಪಗಳ ಸುತ್ತ ಈಜಿ, ಹವಳ ಅಳೆದು ಬರೆದಿಡುವುದು ಅವಳ ಕೆಲಸ. ನನಗದು ಕೆಲಸವೆಂದೇ ಅನ್ನಿಸಿರಲಿಲ್ಲ. “ಮೀನು ನೋಡೋಕೂ ಸಂಬಳ ಕೊಡ್ತಾರಾ ಮಾರಾಯ್ತಿ?” ಎಂದು ಫೋನಿನಲ್ಲಿ ಹಂಗಿಸಿದ್ದಕ್ಕೆ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದಳು. ಕೊನೆಗೆ, “ಒಂದ್ಸಲ ಬಂದು ನೋಡಿ. ಆಮೇಲೆ ಏನು ಬೇಕಾದ್ರೂ ಹೇಳಿ” ಎಂದಳು. ಕಾಫಿ ಕೊಯ್ಲು ಮುಗಿಸಿ, ಕೊಟ್ಟಿಗೆಹಾರ ದಾಟಿ ಘಾಟಿ ಇಳಿಯುವಾಗ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡೆ: ಇದನ್ನೆಲ್ಲ ಬಿಟ್ಟು ಬಾ, ತೋಟ ನೋಡಿಕೋ.

ಆ ದ್ವೀಪಗಳ ಕಲ್ಲು ಒಂದು ಕಾಲದ ಲಾವಾ, ಆರಿ ಕಂಬಕಂಬವಾಗಿ ನಿಂತದ್ದು. ನನಗೆ ಲೈಫ್ ಜಾಕೆಟ್ ತೊಡಿಸಿ, ಮಾಸ್ಕ್ ಬಿಗಿದು, ಉಸಿರಾಡುವ ಸ್ನಾರ್ಕೆಲ್ ಕೊಳವೆ ಕಚ್ಚಿಸುವ ಮುಂಚೆ ಮಗಳು ಹೇಳಿದ್ದು ಒಂದೇ ಮಾತು: “ಏನನ್ನೂ ಮುಟ್ಬೇಡಿ ಅಪ್ಪ.”

ದೋಣಿಯಿಂದಿಳಿದು ಎದೆಮಟ್ಟದ ನೀರಿನಲ್ಲಿ ತಲೆ ತಗ್ಗಿಸಿದೆ. ಪಟ್ಟೆ ಮೀನುಗಳು ನನ್ನನ್ನು ಲೆಕ್ಕಕ್ಕೇ ಇಡದೆ ಕಲ್ಲು ಮೇಯುತ್ತಿದ್ದವು. ಚೆಂದವಿತ್ತು, ಒಪ್ಪಿಕೊಳ್ಳುತ್ತೇನೆ. ಅಷ್ಟರಲ್ಲಿ ತಟ್ಟೆಯಂಥ ಹವಳದ ಅಡಿ ಏಡಿಯೊಂದು ಕಂಡಿತು.

ಮುಂಗಾರು ಬಿದ್ದೊಡನೆ ಹಳ್ಳಕ್ಕಿಳಿದು, ಕಲ್ಲಿನ ಸಂದಿಗೆ ಕೈ ತೂರಿಸಿ ಏಡಿ ಹಿಡಿಯುವುದರಲ್ಲಿ ನಮ್ಮೂರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು, ಇನ್ನು ಉಪ್ಪುನೀರಿಗೆ ಹೋದೀತೇ? ಕೈ ತೂರಿಯೇಬಿಟ್ಟಿತು. ಏಡಿ ತಪ್ಪಿಸಿಕೊಂಡಿತು. ಅಂಗೈಯಗಲದ ಹವಳ ಮುರಿದು ನನ್ನ ಕೈಗೆ ಬಂತು.

ದೋಣಿ ಹತ್ತಿ ಮಾಸ್ಕ್ ತೆಗೆದಾಗ ಮಗಳ ಕಣ್ಣು ಕೆಂಪಾಗಿತ್ತು. “ನಾನು ಬಂದಾಗಿಂದ ಅಳೀತಿದ್ದದ್ದು ಇದನ್ನೇ” ಎಂದಳು, ಅಷ್ಟೇ. ಹೂ ಬಿಟ್ಟ ಕಾಫಿ ಗಿಡದ ರೆಕ್ಕೆಯನ್ನು, ಅಂದರೆ ಅಡ್ಡಕೊಂಬೆಯನ್ನು, ಯಾರಾದರೂ ಮುರಿದಿದ್ದರೆ ನಾನು ಅವರ ವಂಶವನ್ನೇ ಜಾಲಾಡುತ್ತಿದ್ದೆ. ಇವಳೂ ಬೈಯಲಿ ಎಂದು ಕಾದೆ. ಬೈಯಲಿಲ್ಲ.

ನೀರಿನಲ್ಲೂ ಬರೆಯಬಹುದಾದ ಪುಟ್ಟ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅದನ್ನು ಅವಳ ಮೇಲಿನವರೂ ಓದುತ್ತಾರೆಂದು ಗೊತ್ತಿತ್ತು.

“ಯಾರೋ ಟೂರಿಸ್ಟು ಅಂತ ಬರಿ” ಎಂದು ಗೊಣಗಿದೆ.

“ಹಂಗೆಲ್ಲ ಬರಿಯೋಕಾಗಲ್ಲ ಅಪ್ಪ.”

ದುಂಡಗೆ ಬರೆದಳು: ಮುರಿದವರು, ನನ್ನ ತಂದೆ.

ಅವಮಾನದಿಂದ ಕಿವಿ ಬಿಸಿಯಾಯಿತು. ಆದರೆ ತಂದೆಯನ್ನೂ ಬಿಡದೆ ಬರೆಯುವಷ್ಟು ನಿಯತ್ತು ಆಟದಲ್ಲಿ ಇರುವುದಿಲ್ಲ, ಕೆಲಸದಲ್ಲಿ ಮಾತ್ರ ಇರುತ್ತದೆ. ಅವಳ ಮೇಲೆ ಅಷ್ಟು ಹೆಮ್ಮೆ ಅದುವರೆಗೆ ನನಗೆ ಆಗಿರಲಿಲ್ಲ.

ದಡ ಸೇರಿದ ಮೇಲೆ ಅವಳೇ ಕೇಳಿದಳು: “ಈಗ ಹೇಳಿ, ಏನು ಹೇಳೋಕೆ ಬಂದಿದ್ರಿ?”

“ತೋಟ ನಾನೇ ನೋಡ್ಕೋತೀನಿ” ಎಂದೆ.